ಮಾವಿನ ಮರಕ್ಕೆ ಜಾಮೀನು

ವರ್ಷಕ್ಕೊಮ್ಮೆ, ಪರೀಕ್ಷೆ ಹತ್ತಿರ ಬಂದು ಮಕ್ಕಳ ಮುಖವೂ ನಮ್ಮ ಮುಖವೂ ಒಟ್ಟಿಗೆ ಬಾಡುವ ಹೊತ್ತಿಗೆ, ನನಗೊಂದು ಬಾಟಲಿ ಬರುತ್ತದೆ. ಅದರ ಪ್ರಯಾಣ ಸಣ್ಣದಲ್ಲ. ವಿಟ್ಲದ ಹತ್ತಿರದ ನಮ್ಮ ದೊಡ್ಡಮ್ಮನ ಮನೆಯಿಂದ ಆಟೋ ಹತ್ತಿ ಪೇಟೆಗೆ, ಅಲ್ಲಿಂದ ಬಸ್ಸಿನಲ್ಲಿ ಮೆಲ್ಕಾರಿಗೆ, ಮೆಲ್ಕಾರಿನ ಹಣ್ಣಿನಂಗಡಿಯೊಂದರಲ್ಲಿ ಅರ್ಧ ದಿನ ವಿಶ್ರಾಂತಿ, ಮತ್ತೊಂದು ಬಸ್ಸಿನ ಡ್ರೈವರನ ಸೀಟಿನ ಹಿಂದೆ ಕೂತು ಮೂಡುಬಿದಿರೆ ಬಸ್ ಸ್ಟ್ಯಾಂಡಿಗೆ. ಕಂಡಕ್ಟರ್ ಫೋನ್ ಮಾಡಿ "ಮೇಡಂ, ನಿಮ್ಮ ಉಪ್ಪಿನಕಾಯಿ ಇಳಿದಿದೆ" ಎನ್ನುತ್ತಾರೆ. ನಾನು ಕ್ಲಾಸು ಮುಗಿಸಿ ಓಡುತ್ತೇನೆ.

ಮಾವಿನ ಮಿಡಿಯ ಉಪ್ಪಿನಕಾಯಿ ಅದು. ಬಾಟಲಿಯ ಬಾಯಿಗೆ ದೊಡ್ಡಮ್ಮ ಯಾವುದಾದರೂ ಹಳೆ ಸೀರೆಯ ತುಂಡು ಕಟ್ಟಿರುತ್ತಾರೆ. ಮುಚ್ಚಳದ ಮೇಲೆ ಅವರಿಗೆ ಭರವಸೆ ಇಲ್ಲ. ಈ ಸಲ ಸ್ಟಾಫ್ ರೂಮಿನ ಮೇಜಿನ ಮೇಲೆ ಬಾಟಲಿ ಇಟ್ಟು ನೋಡಿದರೆ, ನೀಲಿ ಬಟ್ಟೆ, ಅದರ ಮೇಲೆ ಬಿಳಿಯ ಸಣ್ಣ ಸಣ್ಣ ಹೂ. ಆ ಸೀರೆ ನನಗೆ ಗೊತ್ತು. ಅದರ ಇನ್ನೊಂದು ತುಂಡನ್ನು ಹದಿಮೂರನೆಯ ವಯಸ್ಸಿನಲ್ಲಿ ನಾನೇ ಹರಿದದ್ದು, ಒಂದು ಅಪರಾಧವನ್ನು ಮುಚ್ಚಲಿಕ್ಕೆ.

ನಾನು ಇಲ್ಲಿಯ ಒಂದು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತೇನೆ. ಅದೇ ವಾರ ತರಗತಿಯಲ್ಲಿ ಗಿಡದೊಳಗೆ ನೀರು, ಆಹಾರ ಹೇಗೆ ಓಡಾಡುತ್ತವೆ ಎಂಬ ಪಾಠ ನಡೆದಿತ್ತು. ವಿಜಯಪುರದ ಕಡೆಯ ಭಾಗ್ಯಶ್ರೀ ಎಂಬ ಹುಡುಗಿ ಎದ್ದು ನಿಂತು, ಕಸಿ ಕಟ್ಟುವಾಗ ಕಡ್ಡಿಯನ್ನು ತಲೆಕೆಳಗಾಗಿ ಇಟ್ಟರೆ ಏನಾಗುತ್ತದೆ ಎಂದು ಕೇಳಿದಳು. ಹದಿನೈದು ವರ್ಷಗಳಿಂದ ನಾನು ಕಾದು ಕೂರುವ ಪ್ರಶ್ನೆ ಇದು. ಯಾರೂ ಕೇಳದಿದ್ದರೆ ನಾನೇ ಕೇಳಿಕೊಂಡು ನಾನೇ ಉತ್ತರಿಸುವುದೂ ಉಂಟು. ಪುಸ್ತಕದಲ್ಲಿ ಅದು ಒಣಗುತ್ತದೆ ಎಂದಿದೆ, ಆದರೆ ನಾನು ಕೈಯಾರೆ ತಲೆಕೆಳಗಾಗಿ ಕೂರಿಸಿದ ಮಾವಿನ ಕಡ್ಡಿ ಇವತ್ತಿಗೂ ಬದುಕಿದೆ, ಪ್ರಕೃತಿ ಪುಸ್ತಕ ಓದುವುದಿಲ್ಲ ಎಂದು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡೆ. ಪ್ರತಿ ವರ್ಷ ಈ ಹೊತ್ತಿಗೆ ತರಗತಿ ಬೆರಗಾಗುತ್ತದೆ. ಭಾಗ್ಯಶ್ರೀ ಬೆರಗಾಗಲಿಲ್ಲ.

"ಹಂಗಿದ್ರ ಅದರದೊಂದು ಫೋಟೋ ತಂದು ತೋರಸ್ರಿ ಮೇಡಂ" ಎಂದಳು.

ಇದನ್ನು ಸರಿಯಾಗಿ ಹೇಳಬೇಕಾದರೆ ನನ್ನ ದೊಡ್ಡಪ್ಪನ ಜೀಪಿನಿಂದ ಶುರುಮಾಡಬೇಕು.

ದೊಡ್ಡಪ್ಪ ಎಂದರೆ ನನ್ನ ಅಪ್ಪನ ಅಣ್ಣ. ಅವರ ಮನೆ, ನಮ್ಮ ಮನೆ, ಎರಡಕ್ಕೂ ಒಂದೇ ಅಂಗಳ. ನಾನು ಉಂಡದ್ದು ಯಾವ ಮನೆಯಲ್ಲಿ, ಪೆಟ್ಟು ತಿಂದದ್ದು ಯಾವ ಮನೆಯಲ್ಲಿ ಎಂಬ ಲೆಕ್ಕ ಯಾರೂ ಇಟ್ಟವರಲ್ಲ. ನಾನು ಒಂಬತ್ತನೇ ಕ್ಲಾಸಿನಲ್ಲಿರುವಾಗ ದೊಡ್ಡಪ್ಪ ಬಂಟ್ವಾಳದಿಂದ ಒಂದು ಸೆಕೆಂಡ್ ಹ್ಯಾಂಡ್ ಜೀಪು ತಂದರು. ಜೀಪು ಒಳ್ಳೆಯದೇ. ಆದರೆ ಅಂಗಳದ ಮೂಲೆಯಲ್ಲಿ ಒಂದು ಮಾವಿನ ಮರವಿತ್ತು, ಅದು ಇರುವಷ್ಟು ದಿನ ಅಲ್ಲಿ ಜೀಪು ತಿರುಗುವ ಹಾಗಿರಲಿಲ್ಲ. ಮೂತಿ ಮುಂದಾಗಿ ಬಂದ ಜೀಪು ಬೆನ್ನು ಮುಂದಾಗಿ ರಸ್ತೆವರೆಗೆ ಹೋಗಬೇಕು. ದೊಡ್ಡಪ್ಪನಿಗೆ ರಿವರ್ಸ್ ಬರುತ್ತಿರಲಿಲ್ಲ. ಬರುವುದಿಲ್ಲ ಎಂದು ಅವರು ಒಪ್ಪುತ್ತಲೂ ಇರಲಿಲ್ಲ. ಒಮ್ಮೆ ದನದ ಹಟ್ಟಿಯ ಗೋಡೆ, ಒಮ್ಮೆ ತುಳಸಿಕಟ್ಟೆಯ ಮೂಲೆ, ಒಮ್ಮೆ ನನ್ನ ಅಪ್ಪನ ಸೈಕಲ್ ಹೋಯಿತು. ಪ್ರತಿ ಸಲವೂ ಇಳಿದು ಬಂದು ಅವರು ಬೈಯುತ್ತಿದ್ದದ್ದು ಮರಕ್ಕೆ.

ಮರದ ಪರ ವಾದಿಸಲು ಯಾರಿಗೂ ಬಾಯಿ ಇರಲಿಲ್ಲ. ಒಂಬತ್ತು ವರ್ಷವಾದರೂ ಒಂದು ಮಿಡಿ ಬಿಟ್ಟ ಮರ ಅಲ್ಲ ಅದು. ಎಲೆ, ಎಲೆ, ಮತ್ತೆ ಎಲೆ. ಆದರೆ ದೊಡ್ಡಮ್ಮ ಅದನ್ನು ಬೆಳ್ತಂಗಡಿಯ ತವರುಮನೆಯಿಂದ ತಂದಿದ್ದರು, ಗೊರಟಿನಿಂದ ಎದ್ದ ಎರಡೆಲೆಯ ಗಿಡವನ್ನು ಬಸ್ಸಿನಲ್ಲಿ ಮಡಿಲಲ್ಲಿ ಇಟ್ಟುಕೊಂಡು. ತವರಿನ ಆ ದೊಡ್ಡ ಮರ ರಸ್ತೆ ಅಗಲ ಮಾಡುವಾಗ ಹೋಗಿತ್ತು. ಅದರ ಮಿಡಿಯ ಪರಿಮಳದ ವಿಷಯ ಬಂದರೆ ದೊಡ್ಡಮ್ಮ ಅಡುಗೆ ಮಾಡುವುದನ್ನೇ ಮರೆಯುತ್ತಿದ್ದರು. ಮರಿಯಲ್ಲಿ ಆ ಪರಿಮಳ ಉಂಟೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಒಮ್ಮೆಯಾದರೂ ಕಾಯಿ ಬಿಟ್ಟರೆ ತಾನೇ ಗೊತ್ತಾಗುವುದು?

ನಮ್ಮ ಕಡೆ ಕಾಯಿ ಬಿಡದ ಮರವನ್ನು ಹೆದರಿಸುವ ಒಂದು ಕ್ರಮ ಉಂಟು. ಒಬ್ಬರು ಕತ್ತಿ ಹಿಡಿದು ಬಂದು, ಈ ಮರ ದಂಡ, ಕಡಿದು ಹಾಕುತ್ತೇನೆ ಎಂದು ಬುಡಕ್ಕೆ ಸಣ್ಣ ಪೆಟ್ಟು ಹಾಕಬೇಕು. ಇನ್ನೊಬ್ಬರು ಓಡಿ ಬಂದು ಕೈ ಹಿಡಿದು, ಬೇಡ, ಬರುವ ವರ್ಷ ಖಂಡಿತ ಬಿಡುತ್ತದೆ, ಅದಕ್ಕೆ ನಾನು ಜಾಮೀನು ಎನ್ನಬೇಕು. ಮರ ಇದನ್ನೆಲ್ಲ ಕೇಳಿಸಿಕೊಂಡು ಹೆದರಿ ಕಾಯಿ ಬಿಡುತ್ತದೆ. ನವರಾತ್ರಿ ಕಳೆದ ಮೇಲೆ ಒಂದು ಆದಿತ್ಯವಾರ ದೊಡ್ಡಮ್ಮ ಇದಕ್ಕೆ ಏರ್ಪಾಟು ಮಾಡಿದರು. ಹೆದರಿಸುವ ಪಾತ್ರ ದೊಡ್ಡಪ್ಪನಿಗೆ. ಅವರು ಎಷ್ಟು ಸಂತೋಷದಿಂದ ಒಪ್ಪಿದರೆಂದರೆ, ಕತ್ತಿ ಬಿಟ್ಟು ಕೊಡಲಿಯನ್ನೇ ಮಸೆದುಕೊಂಡು ಬಂದರು. ದೊಡ್ಡಮ್ಮನ ಮುಖ ಕಪ್ಪಿಟ್ಟಿತು. ತಾನು ತಂದು ಸಾಕಿದ ಮರಕ್ಕೆ ತಾನೇ ಜಾಮೀನು ನಿಲ್ಲುವ ಹಾಗಿಲ್ಲ. ಅಪ್ಪನಿಗೆ ಸೈಕಲ್ಲಿನ ಸಿಟ್ಟು ಇನ್ನೂ ಇಳಿದಿರಲಿಲ್ಲ. ಉಳಿದವಳು ಜಗಲಿಯಲ್ಲಿ ಗೋಳಿಬಜೆ ತಿನ್ನುತ್ತಿದ್ದ ನಾನು. ದೊಡ್ಡಮ್ಮ ನನ್ನನ್ನು ರಟ್ಟೆ ಹಿಡಿದು ಎಬ್ಬಿಸಿ ಮರದ ಮುಂದೆ ನಿಲ್ಲಿಸಿದರು. ನಾನು ಎಣ್ಣೆಯ ಕೈಯಲ್ಲೇ ದೊಡ್ಡಪ್ಪನ ಮೊಣಕೈ ಹಿಡಿದು ಹೇಳಬೇಕಾದದ್ದನ್ನು ಹೇಳಿದೆ.

ದೊಡ್ಡಪ್ಪ ಕೊಡಲಿ ಇಳಿಸಿದರು. ಆದರೆ ನಾಟಕದ ಗಡಿ ದಾಟಿ, "ಆಯ್ತು. ಈ ಬೇಸಗೆಯಲ್ಲಿ ಕಾಯಿ ಕಾಣಬೇಕು. ಇಲ್ಲದಿದ್ರೆ ಮಳೆಗೆ ಮೊದಲು ನಾನು ಕಡಿಯುವವನೇ. ನೀನು ಜಾಮೀನು, ನೆನಪಿರಲಿ" ಎಂದರು.

ಅವತ್ತಿನಿಂದ ನನಗೆ ಊಟ ಸೇರಲಿಲ್ಲ ಎಂದರೆ ಸುಳ್ಳಾಗುತ್ತದೆ, ಚೆನ್ನಾಗಿಯೇ ಸೇರುತ್ತಿತ್ತು. ಆದರೆ ಶಾಲೆಗೆ ಹೋಗುವಾಗ, ಬರುವಾಗ ಮರದ ಮುಂದೆ ಒಂದು ಕ್ಷಣ ನಿಲ್ಲುತ್ತಿದ್ದೆ. ದೊಡ್ಡಮ್ಮ ನನ್ನ ತಟ್ಟೆಗೆ ಒಂದು ಸೌಟು ಹೆಚ್ಚು ಬಡಿಸತೊಡಗಿದ್ದು ಜಾಮೀನಿನ ಭಾರವನ್ನು ಇನ್ನಷ್ಟು ಹೆಚ್ಚಿಸಿತು.

ಅಷ್ಟರಲ್ಲಿ ಶಾಲೆಯಲ್ಲಿ ವಿಜ್ಞಾನದ ಮಾಸ್ಟ್ರು ಮರದೊಳಗಿನ ಸಾಗಾಟದ ಪಾಠಕ್ಕೆ ಬಂದರು. ಅವರು ದಿನಾ ಬೆಳ್ತಂಗಡಿಯಿಂದ ಮೂರು ಬಸ್ಸು ಬದಲಿಸಿ ಬರುವವರು, ಅವರ ಎಲ್ಲ ಉದಾಹರಣೆಗಳೂ ಬಸ್ಸಿನವು. ಕ್ಸೈಲಂ ಎಂದರೆ ಬೇರಿನಿಂದ ನೀರು ಹತ್ತಿಸಿಕೊಂಡು ಮೇಲೆ ಹೋಗುವ ಬಸ್ಸು, ಅದರ ದಾರಿ ಒಳಗೆ, ಮರದ ತಿರುಳಿನ ಕಡೆಗೆ. ಫ್ಲೋಯಂ ಎಂದರೆ ಎಲೆಯ ಅಡುಗೆಮನೆಯಿಂದ ಊಟ ಹತ್ತಿಸಿಕೊಂಡು ಕೆಳಗಿಳಿಯುವ ಬಸ್ಸು, ಅದರ ದಾರಿ ಹೊರಗೆ, ತೊಗಟೆಯ ಒಳಮೈಯಲ್ಲಿ. ಆಮೇಲೆ ಪುಸ್ತಕದಲ್ಲಿಲ್ಲದ ಒಂದು ಮಾತು ಹೇಳಿದರು. ತೋಟಗಾರರು ಹೂ ಬಿಡದ ಒಂದು ಗೆಲ್ಲಿನ, ಅಂದರೆ ಕೊಂಬೆಯ, ತೊಗಟೆಯನ್ನು ಸಣ್ಣ ಉಂಗುರದಷ್ಟು ತೆಗೆಯುತ್ತಾರಂತೆ. ಊಟದ ಬಸ್ಸಿಗೆ ದಾರಿ ಬಂದ್ ಆಗಿ ಊಟವೆಲ್ಲ ಗೆಲ್ಲಿನಲ್ಲೇ ಉಳಿದು ಅದು ಹೂ ಬಿಡುತ್ತದಂತೆ. ಮಾಸ್ಟ್ರು ಇನ್ನೂ ಏನೋ ಹೇಳಿದರು. ನಾನು ಕೇಳಿಸಿಕೊಳ್ಳಲಿಲ್ಲ, ನನಗೆ ಬೇಕಾದದ್ದು ಸಿಕ್ಕಿತ್ತು. ಒಂದು ಗೆಲ್ಲು ಯಾಕೆ, ಇಡೀ ಮರಕ್ಕೇ ಮಾಡಿದರೆ ಇಡೀ ಮರವೇ ಬಿಡಬೇಕಲ್ಲ?

ಮುಂದಿನ ವಾರ ಮನೆಯವರೆಲ್ಲ ಪಾಣೆಮಂಗಳೂರಿಗೆ ಮದುವೆಗೆ ಹೊರಟರು. ನನಗೆ ಹೊಟ್ಟೆನೋವು ಬಂತು. ಜೀಪು ಹಿಮ್ಮುಖವಾಗಿ, ಒಬ್ಬೊಬ್ಬರು ಒಂದೊಂದು ದಿಕ್ಕಿನಿಂದ ಕೂಗುತ್ತಾ, ಗೇಟು ದಾಟಿದ ಮೇಲೆ ನಾನು ಹಲಸಿನಹಣ್ಣು ಬಿಡಿಸುವ ಪೀಶಕತ್ತಿ ತೆಗೆದುಕೊಂಡು ಹೋದೆ. ಮರ ಆಗ ತೊಡೆ ಗಾತ್ರ ಇದ್ದಿರಬೇಕು. ಎರಡು ಬೆರಳು ಅಗಲ ಸಾಕಾಗುತ್ತಿತ್ತು. ಜಾಮೀನು ದೊಡ್ಡದು ಎಂದು ಒಂದು ಗೇಣು ಅಗಲಕ್ಕೆ, ಸುತ್ತಲೂ, ತೊಗಟೆ ಸುಲಿದೆ. ಒಳಗಿನ ಮರ ಬಿಳಿಯಾಗಿ ಒದ್ದೆಯಾಗಿ ಮಿನುಗಿತು. ಆಗ ಮಾತ್ರ ಸ್ವಲ್ಪ ಹೆದರಿಕೆಯಾಯಿತು. ಹಗ್ಗದ ಮೇಲೆ ದೊಡ್ಡಮ್ಮನ ಹಳೆಯ ನೀಲಿ ಸೀರೆ ಒಣಗುತ್ತಿತ್ತು. ಅದರಿಂದ ಒಂದು ಪಟ್ಟಿ ಹರಿದು ಗಾಯಕ್ಕೆ ಸುತ್ತಿ ಕಟ್ಟಿದೆ.

ಸಂಜೆ ಮದುವೆಯಿಂದ ಬಂದವರು ಮರಕ್ಕೆ ಸೀರೆ ಕಂಡು ನಿಂತರು. ಏನು ಹೇಳುವುದೆಂದು ಬೆಳಗ್ಗೆಯಿಂದ ಯೋಚಿಸಿದ್ದೆಲ್ಲ ಮರೆತುಹೋಗಿ, ನಾನು ಹರಕೆ ಕಟ್ಟಿದ್ದೇನೆ, ಯಾರೂ ಮುಟ್ಟಬಾರದು ಎಂದುಬಿಟ್ಟೆ. ದೊಡ್ಡಮ್ಮನ ಕಣ್ಣು ತುಂಬಿತು. ತನ್ನ ಸೀರೆ ಹರಿದದ್ದಕ್ಕೆ ಒಂದು ಮಾತು ಆಡಲಿಲ್ಲ. ಮರುದಿನದಿಂದ ಆ ಪಟ್ಟಿಗೆ ಒಂದು ದಾಸವಾಳ ಸಿಕ್ಕಿಸತೊಡಗಿದರು. ದೊಡ್ಡಪ್ಪ ಕೂಡ ಜೀಪು ಹಿಂದೆ ತೆಗೆಯುವಾಗ ಆ ಪಟ್ಟಿಯನ್ನು ಉಳಿಸಿ, ಬೇರೆ ಏನಾದರೊಂದಕ್ಕೆ ಗುದ್ದುತ್ತಿದ್ದರು.

ಆ ವರ್ಷ ಚಳಿ ಶುರುವಾಯಿತು, ಮರ ಹೂ ಬಿಟ್ಟಿತು. ಹಾಗೆ ಬಿಟ್ಟ ಮರವನ್ನು ನಾನು ಆಮೇಲೆ ಕಂಡಿಲ್ಲ. ಒಂದೊಂದು ಗೆಲ್ಲಿನ ತುದಿಯಲ್ಲೂ ಹೂಗೊಂಚಲು, ಎಲೆಯೇ ಕಾಣದಷ್ಟು. ಜೇನುನೊಣದ ಸದ್ದು ಜಗಲಿವರೆಗೆ ಕೇಳುತ್ತಿತ್ತು. ನೆರೆಕರೆಯವರು ಬಂದು ನೋಡಿ ಹೋದರು. ತಮ್ಮ ಮನೆಯ ಬರಡು ಹಲಸಿಗೂ ಒಮ್ಮೆ ಬಂದು ಜಾಮೀನು ನಿಲ್ಲಬೇಕೆಂದು ಒಬ್ಬರು ನನ್ನನ್ನು ಕರೆದರು. ಬರುತ್ತೇನೆ, ನೋಡುವ ಎಂದು ನಾನು ಗಂಭೀರವಾಗಿ ಹೇಳಿದೆ.

ಅದೇ ವಾರ ಮೋನಾಕ ಬಂದರು. ಮೋನಾಕ ಎಂದರೆ ನಮ್ಮ ಕೆಳಗಿನ ಮನೆಯ ಬ್ಯಾರಿ, ವಿಟ್ಲದ ಸಂತೆಯಲ್ಲಿ ಕಸಿಗಿಡ ಮಾರುವವರು. ಅವರ ಕೈಯಲ್ಲಿ ಸೋತ ಕಸಿ ಇಲ್ಲ ಎಂದು ಊರಿಗೇ ಹೆಸರು. ಮಧ್ಯಾಹ್ನದ ಹೊತ್ತು, ದೊಡ್ಡಮ್ಮ ನಾದಿನಿಯ ಮನೆಗೆ ಹೋಗಿದ್ದರು, ಉಳಿದವರು ತೋಟದಲ್ಲಿ. ಕಸಿಗೆ ಎರಡು ಕಡ್ಡಿ ಬೇಕಿತ್ತು ಎನ್ನುತ್ತ ಮರದ ಬುಡಕ್ಕೆ ಹೋದವರು ಕಡ್ಡಿಯ ಕಡೆ ನೋಡದೆ ನೇರ ಆ ಸೀರೆಯ ಪಟ್ಟಿ ಬಿಚ್ಚಿದರು. ಬಿಳಿ ಇದ್ದ ಗಾಯ ಕಂದು ಬಣ್ಣಕ್ಕೆ ತಿರುಗಿತ್ತು. ಅವರು ಅದರ ಮೇಲೆ ಕೈಯಾಡಿಸಿ ನನ್ನ ಮುಖ ನೋಡಿದರು. ನಾನು ಅಳುತ್ತಾ, ಮಾಸ್ಟ್ರು ಹೇಳಿದ ಬಸ್ಸಿನಿಂದ ಹಿಡಿದು ಎಲ್ಲವನ್ನೂ ಹೇಳಿದೆ. ಹೂ ಬಿಟ್ಟಿದೆಯಲ್ಲ, ಸರಿಯಾಯಿತಲ್ಲ ಎಂದೂ ಕೇಳಿದೆ.

ಅದು ರಮ್ಜಾನ್ ತಿಂಗಳು, ಮೋನಾಕ ಉಪವಾಸದಲ್ಲಿದ್ದರು. "ನೀರು ಹೋಗ್ತಾ ಉಂಟು, ಅದಕ್ಕೆ ಎಲೆ ಹಸಿರು. ಬೇರಿಗೆ ಮಾತ್ರ ಊಟ ಇಲ್ಲ. ನನಗಾದ್ರೆ ಸಂಜೆ ಮಸೀದಿಯಲ್ಲಿ ಬಾಂಗ್ ಆದ ಕೂಡಲೇ ಸಿಗ್ತದೆ. ಇದಕ್ಕೆ ಸಂಜೆಯೇ ಇಲ್ಲ ಮಗಳೇ" ಎಂದರು.

ನನ್ನ ಅಳು ನಿಂತೇ ಹೋಯಿತು. ಆ ಹೂವೆಲ್ಲ ಹಬ್ಬದ್ದಲ್ಲ, ಬೇರು ಹಸಿವಿನಿಂದ ಸಾಯುತ್ತಿರುವಾಗ ಮೇಲೆ ಸಿಕ್ಕಿಬಿದ್ದ ಊಟ ಎಂದು ಅರ್ಥವಾಯಿತು. ಉಳಿಸಲು ಒಂದೇ ದಾರಿ ಇದೆ ಎಂದರು ಮೋನಾಕ. ಅದೇ ಮರದ ಕಡ್ಡಿ ಕೊಯ್ದು, ಗಾಯದ ಕೆಳಗಿನ ತೊಗಟೆಯಿಂದ ಮೇಲಿನ ತೊಗಟೆಗೆ ಸಂಕ ಹಾಕುವುದು. ನಮ್ಮಲ್ಲಿ ತೋಡು ದಾಟಲು ಅಡಿಕೆ ಮರದ ಸಂಕ ಹಾಕುತ್ತಾರಲ್ಲ, ಹಾಗೆ. ಇದು ಅದಕ್ಕೆ ಕಾಲ ಅಲ್ಲ, ಆದರೂ ನೋಡುವ ಎಂದರು. ಆದರೆ ಹೂ ತೆಗೆಯಬೇಕು. ಈ ಹೂವೆಲ್ಲ ಕಾಯಾದರೆ ಅಷ್ಟು ಸಣ್ಣ ಸಂಕದಲ್ಲಿ ಬೇರಿಗೆ ಇಳಿಯಲು ಏನೂ ಉಳಿಯುವುದಿಲ್ಲ.

ಹೂ ಇಟ್ಟರೆ ಮರ ಸಾಯುತ್ತದೆ. ಹೂ ತೆಗೆದರೆ ಕಾಯಿ ಇಲ್ಲ, ದೊಡ್ಡಪ್ಪ ಕಡಿಯುತ್ತಾರೆ. ನಾನು ಇದನ್ನು ಹೇಳಿದಾಗ ಮೋನಾಕ ತುಂಬ ಹೊತ್ತು ಗಡ್ಡ ಕೆರೆದುಕೊಂಡರು. ಕೊನೆಗೆ ದಕ್ಷಿಣದ ಒಂದು ಸಣ್ಣ ಗೆಲ್ಲು ತೋರಿಸಿ, ಅದೊಂದನ್ನು ಬಿಡುವ, ದೇವರು ಕೊಟ್ಟಷ್ಟು ಕೊಡಲಿ ಎಂದರು.

ಐದು ಕಡ್ಡಿ ಕೊಯ್ದರು. ಕಡ್ಡಿಯ ಬುಡ ಕೆಳಗೇ, ತುದಿ ಮೇಲೆಯೇ ಇರಬೇಕು, ತಪ್ಪಿದರೆ ಅದು ಬದುಕುವುದಿಲ್ಲ ಎಂದು, ಅಂಗಿಯ ಕಿಸೆಯಿಂದ ಸುಣ್ಣದ ಡಬ್ಬಿ ತೆಗೆದು ಪ್ರತಿ ಕಡ್ಡಿಗೂ ತುದಿಯ ಹತ್ತಿರ ಒಂದು ಬಿಳಿ ಬೊಟ್ಟು ಇಟ್ಟರು. ಮೊಗ್ಗುಗಳನ್ನು ಕೆರೆದು, ಎರಡೂ ಕೊನೆ ಓರೆಯಾಗಿ ಕೆತ್ತಿ, ತೊಗಟೆಯ ಅಡಿಗೆ ತೂರಿಸಿ, ಬಾಳೆನಾರಿನಲ್ಲಿ ಕಟ್ಟಿದರು. ನಾಲ್ಕು ಆದ ಮೇಲೆ ಐದನೆಯದನ್ನು ನನ್ನ ಕೈಗೆ ಕೊಟ್ಟು, ಮಾಡಿದವಳು ನೀನು, ಒಂದನ್ನಾದರೂ ನೀನೇ ಕಟ್ಟು ಎಂದರು. ಮೂಡು ದಿಕ್ಕಿನ ಕಡ್ಡಿ. ಅವರು ಮಾಡಿದ ಹಾಗೆಯೇ ತೂರಿಸಿ ಕಟ್ಟಿದೆ. ಅವರು ಎಲ್ಲದಕ್ಕೂ ಸೆಗಣಿ ಮಣ್ಣು ಮೆತ್ತುತ್ತಿರುವಾಗ ಕಂಡೆ, ನನ್ನ ಕಡ್ಡಿಯ ಬಿಳಿ ಬೊಟ್ಟು ಕೆಳಗಿತ್ತು. ಹೇಳಲೋ ಬೇಡವೋ ಎನ್ನುವಷ್ಟರಲ್ಲಿ ಮಣ್ಣು ಅದನ್ನು ಮುಚ್ಚಿತು. ಸೀರೆಯ ಪಟ್ಟಿಯನ್ನು ಮತ್ತೆ ಸುತ್ತಿದೆವು.

ಹೂವನ್ನು ಮೋನಾಕ ಏಣಿ ಹತ್ತಿ ಚಿವುಟಿದರು, ನಾನು ಬುಟ್ಟಿಯಲ್ಲಿ ಹೊತ್ತು ಗೊಬ್ಬರದ ಗುಂಡಿಗೆ ಹಾಕಿ ಮೇಲೆ ಸೊಪ್ಪು ಮುಚ್ಚಿದೆ. ಸಂಜೆ ಹೂವಿಲ್ಲದ ಮರದ ಕೆಳಗೆ ದೊಡ್ಡಪ್ಪ ಸೊಂಟಕ್ಕೆ ಕೈಯಿಟ್ಟು ನಿಂತು, ಇದೆಂಥ ಕಥೆ ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ದೊಡ್ಡಮ್ಮ ಹೊಸ್ತಿಲಲ್ಲಿ ನಿಂತು ಮಂಜಿಗೆ ಬೈಯಲು ಶುರುಮಾಡಿದರು. ಈ ಹಾಳು ಮಂಜು, ಇಷ್ಟು ಚೆಂದದ ಹೂವನ್ನು ಒಂದೇ ಬೆಳಿಗ್ಗೆಗೆ ಉದುರಿಸಿತಲ್ಲ ಎಂದು ಊರಿಗೆಲ್ಲ ಕೇಳುವ ಹಾಗೆ. ಪಾಪದ ದೊಡ್ಡಮ್ಮ ಎಷ್ಟು ಬೇಗ ನಂಬಿದರು ಎಂದು ನನಗೆ ಒಳಗೊಳಗೇ ನಗು ಬಂತು.

ಆ ಗೆಲ್ಲಿನಲ್ಲಿ ಏಳು ಮಿಡಿ ನಿಂತವು. ದೊಡ್ಡಮ್ಮ ಒಂದರ ತೊಟ್ಟು ಮುರಿದು, ಚಿಮ್ಮಿದ ಸೊನೆಯನ್ನು ಮೂಗಿನ ಹತ್ತಿರ ಹಿಡಿದರು. ಹಾಗೆಯೇ ಅದನ್ನು ದೊಡ್ಡಪ್ಪನ ಮೂಗಿಗೂ ಹಿಡಿದರು. ದೊಡ್ಡಪ್ಪ ಮದುವೆಯಾದ ವರ್ಷ ಬೆಳ್ತಂಗಡಿಯ ಆ ತವರುಮನೆಯಲ್ಲಿ ಉಂಡವರು. ಅದೇ ಪರಿಮಳ. ಅವರು ಕೊಡಲಿಯನ್ನು ಅಟ್ಟಕ್ಕೆ ಹಾಕಿದರು, ಮರುವರ್ಷ ಜೀಪನ್ನೇ ಮಾರಿದರು. ರಿವರ್ಸ್ ಗೇರ್ ಸರಿ ಇರಲಿಲ್ಲ ಎಂಬುದು ಅವರು ಕೊನೆವರೆಗೂ ಹೇಳಿದ ಕಾರಣ.

ತಿಂಗಳು ಕಳೆದು ಮಣ್ಣು ಬಿಡಿಸಿದಾಗ ಐದು ಕಡ್ಡಿಯೂ ಹಸಿರಾಗಿತ್ತು. ಮೂಡು ದಿಕ್ಕಿನದೂ. ನಾನು ಉಗುರಿನಿಂದ ಕೆರೆದು ನೋಡಿದೆ, ಜೀವ ಇತ್ತು. ಅಂದೇ ನಾನು ವಿಜ್ಞಾನಿಯಾಗುವುದೆಂದು ನಿಶ್ಚಯಿಸಿದೆ. ಮೋನಾಕನಂಥ ಮೋನಾಕ ಬದುಕುವುದಿಲ್ಲ ಎಂದದ್ದನ್ನು ಬದುಕಿಸಿದ ಕೈ ಇದು ಎಂಬ ಗುಟ್ಟು ನನ್ನನ್ನು ಡಿಗ್ರಿ ದಾಟಿಸಿತು, ಎಂಎಸ್ಸಿ ದಾಟಿಸಿತು, ಮೂಡುಬಿದಿರೆಯ ಈ ಕರಿಹಲಗೆಯವರೆಗೆ ತಂದಿತು.

ಹಾಗಾಗಿ ಭಾಗ್ಯಶ್ರೀ ಕೇಳಿದ ಫೋಟೋಕ್ಕಾಗಿ ಮೊನ್ನೆ ಆದಿತ್ಯವಾರ ಊರಿಗೆ ಹೋದೆ. ಐದು ಕಡ್ಡಿ ಈಗ ಹೂಜಿಯ ಹಿಡಿಗಳ ಹಾಗೆ ದಪ್ಪವಾಗಿ ಮರಕ್ಕೆ ಅಂಟಿಕೊಂಡಿವೆ. ನಾನು ಮೂಡು ದಿಕ್ಕಿನದಕ್ಕೆ ಹತ್ತಿರ ಹೋಗಿ, ಕೂತು, ವಾಲಿ, ಬೇರೆ ಬೇರೆ ಕೋನದಲ್ಲಿ ಫೋಟೋ ತೆಗೆಯುತ್ತಿದ್ದೆ. ದೊಡ್ಡಮ್ಮ ಜಗಲಿಯಿಂದ ನೋಡುತ್ತಿದ್ದವರು, ಅದೊಂದನ್ನೇ ಯಾಕೆ ತೆಗೆಯುತ್ತೀ ಎಂದು ಕೇಳಿದರು. ಇಷ್ಟು ವರ್ಷವಾಯಿತಲ್ಲ, ಇನ್ನೇನು ಹೆದರಿಕೆ ಎಂದು ನಾನು ಪೀಶಕತ್ತಿಯಿಂದ ಸುಣ್ಣದ ಬೊಟ್ಟಿನವರೆಗೆ ಎಲ್ಲ ಹೇಳಿ, ಅವರು ಬೆಚ್ಚಿಬೀಳುವುದನ್ನು ಕಾದೆ.

"ಅದು ನಿನ್ನ ಕಡ್ಡಿ ಅಲ್ಲ ಮಗಾ" ಎಂದರು ದೊಡ್ಡಮ್ಮ. "ನೀನು ಶಾಲೆಗೆ ಹೋದ ಮೇಲೆ ಮರುದಿನ ಬಂದು ಮೋನಾಕ ಬೇರೆ ಹಾಕಿದ್ರು. ಅವರಿಗೆ ಕಾಣದೆ ಇರ್ತದಾ?"

ಹೂ ಬಿಟ್ಟ ಸಂತೋಷಕ್ಕೆ ಮರಕ್ಕೆ ಹೊಸ ಬಟ್ಟೆ ಕಟ್ಟುವ ಎಂದು ದೊಡ್ಡಮ್ಮ ಹಳೆಯದನ್ನು ಬಿಚ್ಚಿದ್ದರಂತೆ. ಒಳಗೆ ನೋಡಿದವರು ಹಾಗೆಯೇ ಕಟ್ಟಿಟ್ಟು ಮೋನಾಕನ ಮನೆಗೆ ಓಡಿದ್ದರಂತೆ. ಅವತ್ತು ನಾದಿನಿಯ ಮನೆಗೆ ಹೋದದ್ದು ನಮಗೆ ಜಾಗ ಬಿಡಲಿಕ್ಕೆ. ಕಾಯಿಯೇ ಬಿಡದ ಮರದಿಂದ ಕಸಿ ಕಟ್ಟುವವರು ಯಾಕೆ ಕಡ್ಡಿ ಕೊಯ್ಯುತ್ತಾರೆ ಎಂದು ಸಸ್ಯಶಾಸ್ತ್ರ ಕಲಿಸುವ ನನಗೆ ಈವರೆಗೆ ಹೊಳೆದಿರಲಿಲ್ಲ. ಮಂಜಿಗೆ ಬೈದದ್ದು ದೊಡ್ಡಪ್ಪನ ಕಿವಿಗೆ. ಮೋನಾಕ ಇರುವಷ್ಟು ದಿನ ಯಾರಿಗೂ ಹೇಳುವುದಿಲ್ಲ ಎಂದು ಇಬ್ಬರ ನಡುವೆ ಮಾತಾಗಿತ್ತಂತೆ. ಮೋನಾಕ ಹೋದ ಮಳೆಗಾಲದಲ್ಲಿ ತೀರಿಕೊಂಡರು, ಈ ಸಲ ಬಾಟಲಿಗೆ ಆ ನೀಲಿ ಬಟ್ಟೆ ಬಂದದ್ದು ಅದಕ್ಕೇ.

ನನಗೆ ನಾಚಿಕೆಯಾಯಿತು. ಮತ್ತೆ ಯಾಕೆ ಆಗಲೇ ನನಗೆ ನಾಲ್ಕು ಬಿಗಿಯಲಿಲ್ಲ ಎಂದು ಕೇಳಿದೆ.

"ಮರಕ್ಕೆ ನೀನು ಜಾಮೀನು ನಿಂತೆಯಲ್ಲ ಮಾರಾಯ್ತಿ" ಎಂದರು ದೊಡ್ಡಮ್ಮ. "ನಿನಗೆ ಯಾರಾದರೂ ನಿಲ್ಲಬೇಡವಾ?"

ಫೋಟೋಗಳನ್ನು ಅಳಿಸಲಿಲ್ಲ. ಸೋಮವಾರ ಭಾಗ್ಯಶ್ರೀಗೆ ತೋರಿಸಿ, ಪುಸ್ತಕದಲ್ಲಿ ಇರುವುದೇ ಸರಿ, ಇದು ಮೋನಾಕ ಕಟ್ಟಿದ ಕಡ್ಡಿ ಎಂದು ಹೇಳಿದೆ.